ಸೊನ್ನೆ ಯಾರು ಕೊಡುತ್ತಾರೆ

ನನ್ನ ಮಗಳಿಗೆ ಅವಳಪ್ಪ ಇಟ್ಟ ಅಡ್ಡಹೆಸರು 'ಹಾಗಾದ್ರೆ'. ಆಗ ಅವಳಿಗೆ ಆರು ವರ್ಷ ಇರಬಹುದು. ಅಂಗಡಿಗೆ ಹೋಗಿ ಬೆಂಕಿಪೊಟ್ಟಣ ತಾ ಅಂದರೆ ಬಾಗಿಲಲ್ಲೇ ನಿಂತು, "ಅಂಗಡಿ ಮುಚ್ಚಿದ್ರೆ?" ಅನ್ನುವಳು. ಪಕ್ಕದ ಅಂಗಡಿಗೆ ಹೋಗು. "ಹಾಗಾದ್ರೆ ಅದೂ ಮುಚ್ಚಿದ್ರೆ?" ವಾಪಸ್ ಬಾ. "ಹಾಗಾದ್ರೆ ಒಲೆ?" ಅಷ್ಟು ಹೊತ್ತಿಗೆ ನಾನೇ ಚಪ್ಪಲಿ ಮೆಟ್ಟಿಕೊಂಡು ಹೋಗಿ ತಂದಿರುತ್ತಿದ್ದೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ನಮ್ಮ ಯಜಮಾನರು ಇದನ್ನು ಕೇಳಿ ನಗುತ್ತಿದ್ದರು. ನಗುವುದಕ್ಕೆ ಅವರಿಗೇನು, ದಿನವೆಲ್ಲ ಡಿಪೋದಲ್ಲಿರುತ್ತಿದ್ದರು. ಅವಳ ಜೊತೆ ಮನೆಯಲ್ಲಿದ್ದವಳು ನಾನು.

ಅವರು ತೀರಿಹೋದಮೇಲೆ ನಾನು ಮಗಳ ಮನೆಗೆ ಬಂದೆ. ಬಂದು ನೋಡಿದರೆ ಇವಳಿಗೆ ಈ ಬುದ್ಧಿಗೇ ಸಂಬಳ ಕೊಡುತ್ತಿದ್ದಾರೆ.

ಅವಳ ಕೆಲಸ ಏನೆಂದು ಕೇಳಿದವರಿಗೆ ನಾನು ಹೇಳುವುದು ಹೀಗೆ. ಕಂಪ್ಯೂಟರಿಗೆ ಕೆಲಸ ಹೇಳುವುದಕ್ಕೆ ಒಂದು ಭಾಷೆ ಇದೆ. ಆ ಭಾಷೆಯನ್ನು ನೋಡಿಕೊಳ್ಳುವ ಕಚೇರಿಯವರು ವರ್ಷಕ್ಕೊಂದು ಸಲ ಅದಕ್ಕೆ ಹೊಸ ಸೌಲಭ್ಯಗಳನ್ನು ಸೇರಿಸಿ ಹೊರಗೆ ಬಿಡುತ್ತಾರೆ. ಒಬ್ಬರು ಸೌಲಭ್ಯ ಹೇಗಿರಬೇಕು ಅಂತ ಪತ್ರ ಬರೆದು ಅದನ್ನು ಕಟ್ಟುತ್ತಾರೆ. ಇನ್ನೊಬ್ಬರು ಆ ಪತ್ರ ಓದಿ ಪರೀಕ್ಷೆ ಬರೆಯುತ್ತಾರೆ. ಇದನ್ನು ಕೊಟ್ಟರೆ ಇದು ಬರಬೇಕು, ಏನೂ ಕೊಡದಿದ್ದರೆ ಇದು ಬರಬೇಕು, ತಪ್ಪು ಕೊಟ್ಟರೆ ಹೀಗೆ ಬೈಯಬೇಕು, ಹೀಗೆ ಪುಟಗಟ್ಟಲೆ. ನನ್ನ ಮಗಳು ಆ ಇನ್ನೊಬ್ಬರು. ಅವಳು ಸರಿ ಅಂತ ಗುರುತು ಹಾಕದೆ ಯಾವುದೂ ಹೊರಗೆ ಹೋಗುವ ಹಾಗಿಲ್ಲ.

ಇದಕ್ಕೊಂದು ನಿಯಮ ಇದೆ. ಪರೀಕ್ಷೆ ಬರೆಯುವವರು ಕಟ್ಟಿದ್ದನ್ನು ನೋಡಬಾರದು. ನೋಡಿದರೆ ಅದು ಹೇಗೆ ಮಾಡುತ್ತದೋ ಅದೇ ಸರಿ ಅಂತ ಕಣ್ಣಿಗೆ ಒಗ್ಗಿಹೋಗುತ್ತದಂತೆ. ಕಟ್ಟಿದವರು ಪರೀಕ್ಷೆಯನ್ನು ನೋಡಬಾರದು. ಇಬ್ಬರೂ ಅದರ ಬಗ್ಗೆ ಬಾಯಿಮಾತಿನಲ್ಲಿ ಏನೂ ಇತ್ಯರ್ಥ ಮಾಡಿಕೊಳ್ಳಬಾರದು. ಏನು ಕೇಳುವುದಿದ್ದರೂ ಕಚೇರಿಯ ಪುಟದಲ್ಲಿ, ಲೋಕವೆಲ್ಲ ಓದುವ ಹಾಗೆ ಬರೆದೇ ಕೇಳಬೇಕು, ಬರೆದೇ ಉತ್ತರ ಕೊಡಬೇಕು. ನಾಳೆ ಯಾರೋ ಎಲ್ಲೋ ಕೂತು, ಇದು ಯಾಕೆ ಹೀಗೆ ಅಂತ ಹುಡುಕಿದರೆ ಸಿಗಬೇಕಲ್ಲ.

ಒಳ್ಳೆಯ ನಿಯಮವೇ. ಆದರೆ ಕಟ್ಟಿದವರು ನನ್ನ ಅಳಿಯ.

ಅಳಿಯಂದಿರೂ ಅದೇ ಕಚೇರಿ. ಇಬ್ಬರಿಗೂ ಮನೆಯಲ್ಲೇ ಕೆಲಸ. ಅವಳು ಮಲಗುವ ಕೋಣೆಯ ಕಿಟಕಿ ಹತ್ತಿರ, ಅವರು ಊಟದ ಮೇಜಿನ ಮೇಲೆ. ನಡುವೆ ಒಂದು ಗೋಡೆ, ಗೋಡೆಯ ಈಚೆ ನನ್ನ ಕುರ್ಚಿ. ಅವರು ಹದಿನಾಲ್ಕು ವರ್ಷ ಬೇರೆಯವರು ಕಟ್ಟಿದ್ದನ್ನು ರಿಪೇರಿ ಮಾಡಿಕೊಂಡು ಬಂದವರು. ಇದು ಅವರದೇ ಅಂತ ಹೇಳಿಕೊಳ್ಳುವ ಮೊದಲನೆಯ ಸೌಲಭ್ಯ. ಹೋದ ವರ್ಷ ಕಟ್ಟಿ ಮುಗಿಯದೆ ಅದು ಹೊರಗುಳಿಯಿತು. ಈ ವರ್ಷವೂ ಉಳಿದರೆ ಮುಗಿಯಿತು, ಎರಡು ಸಲ ತಪ್ಪಿದ್ದನ್ನು ಕಚೇರಿಯವರು ಮತ್ತೆ ತೆಗೆದುಕೊಳ್ಳುವುದಿಲ್ಲ. ಮಗಳು ಮೇಲಿನವರಿಗೆ ಮೊದಲೇ ಬರೆದಿದ್ದಳು, ಇದು ನನ್ನ ಗಂಡನದು, ಬೇರೆಯವರಿಗೆ ಕೊಡಿ ಅಂತ. ಮೇಲಿನವರು, ನಿಮ್ಮಷ್ಟು ಕಟ್ಟುನಿಟ್ಟಿನವರು ಬೇರೆ ಯಾರಿದ್ದಾರೆ, ನೀವೇ ಬರೆಯಿರಿ ಅಂದರು. ಅವರು ನಮ್ಮ ಮನೆಯಲ್ಲಿ ಊಟಕ್ಕೆ ಕೂತವರಲ್ಲ, ಅದಕ್ಕೇ ಹಾಗಂದರು.

ಸೌಲಭ್ಯ ಏನು ದೊಡ್ಡದಲ್ಲ. ಒಂದು ಸಾಲಿನಲ್ಲಿ ಹತ್ತು ಹೆಸರಿದ್ದರೆ, ಮೂರು ಮೂರರಂತೆ ಹಂಚು ಅಂದರೆ ಹಂಚಿ ಕೊಡುತ್ತದೆ. ಕೊನೆಗೆ ಉಳಿದ ಒಂದನ್ನು ಬಿಸಾಡದೆ ಒಂಟಿಯಾಗಿ ಕೊಡುತ್ತದೆ. ಹೆಸರೇ ಇಲ್ಲದಿದ್ದರೆ ಸುಮ್ಮನಿರುತ್ತದೆ. ಇಷ್ಟನ್ನೂ ಅಳಿಯಂದಿರು ಪತ್ರದಲ್ಲಿ ಚೆನ್ನಾಗಿ ಬರೆದಿದ್ದರು. ನನ್ನ ಮಗಳು ಓದಿ, ಪುಟದಲ್ಲಿ ಒಂದು ಪ್ರಶ್ನೆ ಹಾಕಿದಳು.

ಮೇಜಿನ ಮೇಲಿನ ಲ್ಯಾಪ್‌ಟಾಪ್ ಟಿಂಗ್ ಅಂದಿತು. ಅಳಿಯಂದಿರು ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಅತ್ತೆ, ನಿಮ್ಮ ಮಗಳು ಏನು ಕೇಳಿದಾಳೆ ಗೊತ್ತಾ? ಸೊನ್ನೆ ಸೊನ್ನೆಯಂತೆ ಹಂಚು ಅಂದ್ರೆ ಏನಾಗಬೇಕು ಅಂತ."

"ಏನಾಗಬೇಕು?"

"ಸೊನ್ನೆ ಸೊನ್ನೆಯಂತೆ ಯಾರಾದ್ರೂ ಹಂಚ್ತಾರಾ ಅತ್ತೆ? ಸೊನ್ನೆ ಯಾರು ಕೊಡ್ತಾರೆ?"

ಅದನ್ನೇ ಪುಟದಲ್ಲೂ ಬರೆದರು. ಕೋಣೆಯೊಳಗೆ ಟಿಂಗ್ ಅಂದಿತು. ಐದು ನಿಮಿಷಕ್ಕೆ ಇಲ್ಲಿ ಟಿಂಗ್. ಯಾರು ಕೊಡುತ್ತಾರೆ ಅನ್ನುವುದು ನನ್ನ ಪ್ರಶ್ನೆಯಲ್ಲ, ಕೊಟ್ಟರೆ ಏನಾಗಬೇಕು ಅನ್ನುವುದು ಪ್ರಶ್ನೆ, ದಯವಿಟ್ಟು ತಿಳಿಸಬೇಕು. ಹೀಗೆ ಬರೆದಿದ್ದಳು. ಆ 'ದಯವಿಟ್ಟು' ನೋಡಿ ಅಳಿಯಂದಿರಿಗೆ ಮೈಯೆಲ್ಲ ಉರಿಯಿತು.

ಅವತ್ತಿನಿಂದ ಶುರುವಾಯಿತು ನನ್ನ ಗ್ರಹಚಾರ.

ಸೌಲಭ್ಯದ ಬಗ್ಗೆ ತಾನೇ ಮಾತಾಡಬಾರದು? ಇವರು ಉಪ್ಪಿನ ಬಗ್ಗೆಯೂ ಬಿಟ್ಟರು. ಊಟಕ್ಕೆ ನನ್ನನ್ನು ನಡುವೆ ಕೂರಿಸಿಕೊಂಡರು. "ಅತ್ತೆ, ನೀರಿನ ಜಗ್ ಕೊಡೋಕೆ ಹೇಳಿ." ಜಗ್ ಅವಳ ಕೈ ಹತ್ತಿರವೇ ಇದೆ, ಅವಳಿಗೆ ಕಿವಿಯೂ ಕೇಳುತ್ತದೆ. ನಾನು ಎತ್ತಿ ಕೊಡಬೇಕು. "ಅಮ್ಮ, ನಾಳೆ ಗ್ಯಾಸಿನವನು ಬರ್ತಾನೆ ಅಂತ ಅವರಿಗೆ ಹೇಳು." ಅವರು ಎದುರಿಗೇ ಕೂತಿದ್ದಾರೆ, ನಾನು ಅವರತ್ತ ತಿರುಗಿ, ನಾಳೆ ಗ್ಯಾಸಿನವನು ಬರುತ್ತಾನಂತೆ ಅನ್ನಬೇಕು.

ಪಾತ್ರೆ ತೊಳೆಯುವ ಹೊತ್ತಿಗೆ ಅಳಿಯಂದಿರು ಅಡುಗೆಮನೆಗೆ ಬರುವರು. ಒರೆಸುವ ಬಟ್ಟೆ ಹಿಡಿದುಕೊಂಡು, ಒಂದೇ ತಟ್ಟೆಯನ್ನು ಉಜ್ಜುತ್ತಾ ನಿಲ್ಲುವರು.

"ಅತ್ತೆ, ನಾನೇನು ಕೇಳ್ತಿಲ್ಲ. ಸುಮ್ಮನೆ ಹೇಳ್ತಿದೀನಿ. ಪತ್ರದಲ್ಲಿ ಒಂದು ವಾಕ್ಯ ಬದಲಾಯಿಸಿದ್ರೆ ಮೇಲಿನವರು ಮೊದಲಿಂದ ಎಲ್ಲ ನೋಡ್ತಾರೆ. ಇದು ಆಚೆ ಹೋಗಲ್ಲ. ಆ ಪ್ರಶ್ನೆ ಒಂದನ್ನ ಅವಳು ವಾಪಸ್ ತಗೊಂಡ್ರೆ ಸಾಕು."

"ನನಗ್ಯಾಕೆ ಹೇಳ್ತೀರಿ? ಅವಳಿಗೆ ಹೇಳಿ."

"ಅವಳಿಗೆ ಹೇಳೋ ಹಾಗಿಲ್ಲ. ನಿಯಮ."

ಅವರು ಹೋದಮೇಲೆ ಇವಳು ಬರುವಳು. ತಟ್ಟೆ ಒರೆಸಿದ್ದು ಸರಿಯಾಗಿಲ್ಲ ಅಂತ ಮತ್ತೆ ಒರೆಸುವಳು.

"ಅಮ್ಮ, ಅವರಿಗೆ ಇದು ಎಷ್ಟು ಮುಖ್ಯ ಅಂತ ನನಗೆ ಗೊತ್ತಿಲ್ವಾ? ಒಂದು ವಾಕ್ಯ ಬರೆದ್ರೆ ನಾನು ಗುರುತು ಹಾಕ್ತೀನಿ. ಮೇಲಿನವರು ಒಂದು ವಾಕ್ಯಕ್ಕೆ ಒಂದು ಗಂಟೆ ತಗೋತಾರೆ, ಅಷ್ಟೇ. ಇವರೇ ಇಲ್ಲದ್ದು ಊಹಿಸ್ಕೊಂಡು ಹೆದರ್ತಿದಾರೆ."

"ಅದನ್ನ ಅವರಿಗೆ ಹೇಳೇ."

"ಹೇಳೋ ಹಾಗಿಲ್ಲ."

ಒಂದು ಸಲ ನಾನೇ ಹೇಳಿಬಿಡೋಣ ಅಂತ ಬಾಯಿ ತೆರೆದೆ. ಮಗಳು ಕೋಣೆಯಿಂದಲೇ, "ಅಮ್ಮ, ನೀನು ಹೇಳಿದ್ರೂ ಅದು ನಾನು ಹೇಳಿದ ಹಾಗೇ" ಅಂದಳು. ಇವಳ ಕಿವಿ ಇವಳಪ್ಪನದು. ಎಂಜಿನ್ನಿನೊಳಗೆ ಯಾವ ಬೋಲ್ಟು ಸಡಿಲ ಅಂತ ಅವರು ಬಾಗಿಲಲ್ಲಿ ನಿಂತೇ ಹೇಳುತ್ತಿದ್ದರು.

"ಗುರುತು ಹಾಕಿಬಿಡೇ" ಅಂತಲೂ ಕೇಳಿ ನೋಡಿದೆ. "ಕಟ್ಟಿಕೊಂಡ ಗಂಡ ಕಣೆ."

"ಗಂಡ ಅಂತ ಹಾಕಿದ್ರೆ, ನಾಳೆ ಅದು ಕೆಟ್ಟಾಗ ಜನ ಬೈಯೋದು ಯಾರಿಗಮ್ಮ? ಅವರಿಗೇ ತಾನೇ."

ಇದಕ್ಕೆ ನಾನು ಏನು ಹೇಳಿದ್ದರೂ ಅವಳು 'ಹಾಗಾದ್ರೆ' ಅನ್ನುತ್ತಿದ್ದಳು.

ಬಾಗಿಲು ಮುಚ್ಚುವ ದಿನ ಗುರುವಾರ, ಸಂಜೆ ಆರಕ್ಕೆ. ಅಷ್ಟರೊಳಗೆ ಗುರುತು ಬೀಳದಿದ್ದರೆ ಸೌಲಭ್ಯ ಹೋದ ಹಾಗೆ. ಬುಧವಾರ ನಮ್ಮ ಕಟ್ಟಡದ ಕಾರ್ಯದರ್ಶಿ ಬಂದು, ಮೆಟ್ಟಿಲು ಗುಡಿಸುವ ಸರದಿ ಮಾಡಿಕೊಡಿ ಅಂತ ಅಳಿಯಂದಿರನ್ನು ಕೇಳಿದ್ದರು. ಪ್ರತಿ ಮಹಡಿಯಲ್ಲೂ ವಾಸವಿರುವ ಮನೆಗಳನ್ನು ಎರಡು ತಂಡ ಮಾಡಬೇಕು. ಕೈಯಲ್ಲಿ ಬರೆದಿದ್ದರೆ ಕಾಫಿ ಆರುವುದರೊಳಗೆ ಮುಗಿಯುವ ಕೆಲಸ. ಇವರು ತಮ್ಮ ಸೌಲಭ್ಯದಲ್ಲೇ ಮಾಡುತ್ತೇನೆ ಅಂತ ಗುರುವಾರ ಮಧ್ಯಾಹ್ನ ಕೂತರು. "ಎಷ್ಟು ಸಲೀಸು ನೋಡಿ ಅತ್ತೆ" ಅಂತ ಸ್ವಲ್ಪ ಗಟ್ಟಿಯಾಗಿಯೇ ಅಂದರು, ಗೋಡೆಗೆ ಕೇಳಲಿ ಅಂತ. ಗುಂಡಿ ಒತ್ತಿ ಸ್ನಾನಕ್ಕೆ ಹೋದರು.

ನಾನು ಒಗೆದ ಬಟ್ಟೆ ಮಡಚುತ್ತಿದ್ದೆ. ಸ್ವಲ್ಪ ಹೊತ್ತಿಗೆ ಲ್ಯಾಪ್‌ಟಾಪಿನ ಫ್ಯಾನು ಸುಯ್ ಅನ್ನಲು ಶುರುವಾಯಿತು. ಆಮೇಲೆ ಜೋರಾಯಿತು. ಆಮೇಲೆ ಹಿಟ್ಟಿನ ಗಿರಣಿ ಹಾಗೆ.

"ಅಮ್ಮ, ಅದ್ಯಾಕೆ ಹಾಗೆ ಕೂಗ್ತಿದೆ?" ಕೋಣೆಯೊಳಗಿಂದ ಮಗಳು.

"ನೀನೇ ಬಂದು ನೋಡು."

"ನಾನು ನೋಡೋ ಹಾಗಿಲ್ಲ."

"ಬೆಂಕಿ ಹತ್ತಿಕೊಂಡ್ರೂ ನೋಡೋ ಹಾಗಿಲ್ವಾ?"

ಅವಳು ಒಂದು ಕ್ಷಣ ಯೋಚನೆ ಮಾಡಿದಳು. ನಿಜವಾಗಿ ಯೋಚನೆ ಮಾಡಿದಳು. "ಹತ್ತಿದಮೇಲೆ ಕರಿ" ಅಂದಳು.

ನಾನು ಬಚ್ಚಲಿನ ಬಾಗಿಲು ಬಡಿದೆ. ಅಳಿಯಂದಿರು ಟವೆಲ್ ಸುತ್ತಿಕೊಂಡೇ ಓಡಿಬಂದರು, ಗುಂಡಿಗಳನ್ನು ಒತ್ತಿದರು. ಕೊನೆಗೆ ಯಂತ್ರವನ್ನೇ ಆರಿಸಿ ಮತ್ತೆ ಹಚ್ಚಿದರು. ಕೂದಲಿನ ನೀರು ಮೇಜಿನ ಮೇಲೆ ಬೀಳುತ್ತಿತ್ತು, ಬಟ್ಟೆ ಹಾಕಿ ಒರೆಸಿದೆ. ಅವರು ಬೆರಳಿಟ್ಟು ಒಂದೊಂದೇ ಸಾಲು ಓದಿದರು. ಬೆರಳು ಒಂದು ಕಡೆ ನಿಂತಿತು.

"ಏನಾಯ್ತು?" ಅಂದೆ.

"ಮೇಲಿನ ಮಹಡೀಲಿ ಎಷ್ಟು ಮನೇಲಿ ಜನ ಇದಾರೆ ಅತ್ತೆ?"

"ಒಂದೇ. ಆ ಪಿಟೀಲು ನುಡಿಸೋರು. ಉಳಿದವು ಬೀಗ."

"ಒಂದು ಮನೇನ ಎರಡು ತಂಡ ಮಾಡು ಅಂದಿದೀನಿ. ತಂಡಕ್ಕೆ ಅರ್ಧ ಮನೆ. ಕಂಪ್ಯೂಟರಿಗೆ ಅರ್ಧ ಲೆಕ್ಕಕ್ಕಿಲ್ಲ, ಚೂರು ಬಿಟ್ಟುಬಿಡುತ್ತೆ." ಅವರು ಕುರ್ಚಿಗೆ ಒರಗಿದರು. "ಉಳಿದದ್ದು ಸೊನ್ನೆ. ಸೊನ್ನೆ ಸೊನ್ನೆಯಂತೆ ಹಂಚು ಅಂತ ಹೇಳಿದೀನಿ. ಅದು ಆ ಒಂದು ಮನೇನ ಎತ್ತಿಕೊಳ್ಳದೇನೇ ಎತ್ತಿಕೊಂಡೆ, ಎತ್ತಿಕೊಂಡೆ ಅಂತ ಕೂತಿದೆ. ನಾನು ಆರಿಸದೇ ಇದ್ದಿದ್ರೆ ಮುಂದಿನ ವರ್ಷದವರೆಗೂ ಕೂತಿರೋದು."

"ಹಾಗಾದ್ರೆ ಸೊನ್ನೆ ಕೊಟ್ಟೋರು ಯಾರು?" ಅಂದೆ. ಬಾಯಿಂದ ಬಂದುಬಿಟ್ಟಿತು. ಅವಳ ಜೊತೆ ಇದ್ದು ಇದ್ದು ನನಗೂ ಅಂಟಿದೆ.

ಅವರು ನನ್ನನ್ನು ನೋಡಲಿಲ್ಲ. ಗೋಡೆಯನ್ನು ನೋಡಿದರು.

ಆಗ ನಾಲ್ಕೂವರೆ. ಆಮೇಲೆ ನಾನು ನೋಡಿದ್ದು ಒಬ್ಬ ಗಂಡಸು ಒಂದು ವಾಕ್ಯ ಬರೆಯುವುದಕ್ಕೆ ಪಡುವ ಪಾಡು. ಬರೆಯುವರು, ಅಳಿಸುವರು. ಸೊನ್ನೆ ಯಾರು ಕೊಡುತ್ತಾರೆ ಅಂತ ಅವರೇ ಬರೆದದ್ದು ಆ ಪುಟದಲ್ಲೇ ಇತ್ತು, ಕಚೇರಿಯೆಲ್ಲ ಓದಿತ್ತು. ಅದರ ಕೆಳಗೇ ಈಗ ಬರೆಯಬೇಕು. ಟವೆಲ್ಲಿನಲ್ಲೇ ಕೂತಿದ್ದರು. ಅಂಗಿ ತಂದು ಹೆಗಲ ಮೇಲೆ ಹಾಕಿದೆ, ಅದು ಗೊತ್ತೂ ಆಗಲಿಲ್ಲ. ಕೊನೆಗೆ ಬರೆದು ನನಗೆ ಓದಿ ಹೇಳಿದರು.

"ಸೊನ್ನೆ ಯಾರು ಕೊಡುತ್ತಾರೆ ಎಂದು ಕೇಳಿದ್ದೆ. ಇವತ್ತು ಮಧ್ಯಾಹ್ನ ನಾನೇ ಕೊಟ್ಟೆ. ಸೊನ್ನೆ ಕೊಟ್ಟರೆ ತಪ್ಪು ಎಂದು ಹೇಳಿ ಅಲ್ಲೇ ನಿಲ್ಲಬೇಕು."

ಕೋಣೆಯೊಳಗೆ ಟಿಂಗ್ ಅಂದಿತು. ಈಗ ಬಾಗಿಲು ತೆಗೆದುಕೊಂಡು ಬರುತ್ತಾಳೆ, ಒಂದು ಒಳ್ಳೆಯ ಮಾತಾಡುತ್ತಾಳೆ ಅಂತ ನಾನು ಕುರ್ಚಿ ಸರಿಸಿ ದಾರಿ ಮಾಡಿದೆ.

ಮೇಜಿನ ಮೇಲೆ ಟಿಂಗ್ ಅಂದಿತು.

ಅಳಿಯಂದಿರು ಓದಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. "ಸೊನ್ನೆಗಿಂತ ಕಡಿಮೆ ಕೊಟ್ಟರೆ ಏನಾಗಬೇಕು, ದಯವಿಟ್ಟು ತಿಳಿಸಬೇಕು ಅಂತೆ."

ನಾನು ಎದ್ದು ಕೋಣೆಯ ಬಾಗಿಲು ತಳ್ಳಿದೆ. ಅವಳು ಕಣ್ಣೊರೆಸಿಕೊಳ್ಳುತ್ತಾ ಕೂತಿದ್ದಳು. ಬೈಯಬೇಕು ಅಂತ ಹೋದವಳು ನನ್ನ ಸೆರಗು ಅವಳ ಕೈಗೆ ಕೊಟ್ಟೆ.

"ಅಮ್ಮ, ಬಾಗಿಲು ಹಾಕು" ಅಂದಳು. "ಟೈಮ್ ಇಲ್ಲ. ಅವರು ಉತ್ತರ ಬರೆಯಲಿ."

ಬರೆದರು. ಒಂದಕ್ಕಿಂತ ಕಡಿಮೆ ಯಾವ ಸಂಖ್ಯೆ ಕೊಟ್ಟರೂ ತಪ್ಪು ಎಂದು ಹೇಳಿ ನಿಲ್ಲಬೇಕು, ಅಂತ. ಮೇಲಿನವರು ಒಂದು ಗಂಟೆಯೂ ತೆಗೆದುಕೊಳ್ಳಲಿಲ್ಲ, ಕಾಲು ಗಂಟೆಗೆ ಒಪ್ಪಿದರು. ಯಾವ ಒಂದು ವಾಕ್ಯಕ್ಕೆ ಮೊದಲಿಂದ ಎಲ್ಲ ನೋಡುತ್ತಾರೆ ಅಂತ ಇವರು ಅಷ್ಟು ವಾರ ನನ್ನ ತಟ್ಟೆ ಉಜ್ಜಿದರೋ, ಆ ವಾಕ್ಯಕ್ಕೆ. ಕಟ್ಟಿದ್ದರಲ್ಲಿ ತಿದ್ದಿದ್ದು ಎರಡು ಸಾಲು. ಇವಳು ಅಷ್ಟಕ್ಕೆ ಸುಮ್ಮನಾದಳೇ? ಎಲ್ಲ ಪರೀಕ್ಷೆಗಳನ್ನೂ ಮೊದಲಿಂದ ಓಡಿಸಿದಳು. ಹತ್ತನ್ನು ಮೂರರಂತೆ, ಏನೂ ಇಲ್ಲದ್ದನ್ನು ಮೂರರಂತೆ, ಎಲ್ಲ. ಗಡಿಯಾರ ಆರರ ಹತ್ತಿರ ಬಂತು. ಅಳಿಯಂದಿರು ಮೇಜು ಬಿಟ್ಟು ಬಾಲ್ಕನಿಯಲ್ಲಿ ನಿಂತರು. ಟಿಂಗ್ ಅಂದಾಗ ಒಳಗೆ ಬಂದು ನೋಡುವ ಧೈರ್ಯ ಇರಲಿಲ್ಲ, ಅಲ್ಲಿಂದಲೇ, "ಅತ್ತೆ, ಗುರುತು ಹಸಿರಾ ಕೆಂಪಾ?" ಅಂದರು.

"ಹಸಿರು" ಅಂದೆ.

ಅವರು ಒಳಗೆ ಬಂದು ಪೂರ್ತಿ ಬಟ್ಟೆ ಹಾಕಿಕೊಂಡರು.

ರಾತ್ರಿ ಊಟಕ್ಕೆ ಕೂತೆವು. ಅಳಿಯಂದಿರು ನನ್ನನ್ನು ದಾಟಿ ಕೈ ಚಾಚಿ, ನೀರಿನ ಜಗ್ ತಾವೇ ತೆಗೆದುಕೊಂಡು ಅವಳ ಲೋಟಕ್ಕೆ ಬಗ್ಗಿಸಿದರು. ಅವಳು ಉಪ್ಪಿನ ಡಬ್ಬಿ ಅವರ ಕಡೆ ತಳ್ಳಿದಳು. ಸದ್ಯ, ನನಗೆ ಬಿಡುಗಡೆ ಅಂದುಕೊಂಡೆ.

"ಮುಂದಿನ ವರ್ಷದ್ದೊಂದು ಮನಸ್ಸಲ್ಲಿದೆ" ಅಂದರು ಅಳಿಯಂದಿರು, ನೇರವಾಗಿ ಅವಳಿಗೇ. "ಪತ್ರ ಬರೆಯೋಕ್ಕಿಂತ ಮುಂಚೇನೇ ನಿನ್ನ ಕೇಳಿಬಿಡ್ತೀನಿ. ಸಾಲಿನಲ್ಲಿ ಎರಡು ಸಲ ಬಂದ ಹೆಸರನ್ನ..."

"ನನಗೆ ಹೇಳೋ ಹಾಗಿಲ್ಲ" ಅಂದಳು ನನ್ನ ಮಗಳು. "ಪರೀಕ್ಷೆ ನನಗೇ ಬಂದ್ರೆ?"

"ಬೇರೆಯವರಿಗೆ ಕೊಡ್ತಾರೆ ಬಿಡು."

"ಹಾಗಾದ್ರೆ ಅವರು ರಜೆಯಲ್ಲಿದ್ರೆ?"

ಅಳಿಯಂದಿರು ನನ್ನ ಕಡೆ ತಿರುಗಿದರು. "ಅತ್ತೆ, ನಿಮ್ಮ ಮಗಳಿಗೆ..."

ನಾನು ತಟ್ಟೆ ಎತ್ತಿಕೊಂಡು ನನ್ನ ಕೋಣೆಗೆ ಹೋಗಿ ಉಂಡೆ.