ತುಂಡು ಕೋಡುಬಳೆ

ಮೊನ್ನೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಕೋಡುಬಳೆ ಕರಿಯುವ ವಾಸನೆ ಮೂಗಿಗೆ ಬಡಿಯಿತು ನೋಡಿ, ಚನ್ನರಾಯಪಟ್ಟಣದ ಮನೆಗೆ ಹೊರಟಿದ್ದವಳು ಒಂದು ಪೊಟ್ಟಣ ಕಟ್ಟಿಸಿಕೊಂಡು ಹೊಳೆನರಸೀಪುರದ ಬಸ್ಸು ಹತ್ತಿಬಿಟ್ಟೆ. ನನ್ನ ಬಾಳಿನ ಬಹುಪಾಲು ತೀರ್ಮಾನಗಳು ಆಗಿರುವುದೇ ಹೀಗೆ. ಆದರೆ ಅವತ್ತು ಅಲ್ಲಿನ ಆಸ್ಪತ್ರೆಯಲ್ಲಿ ಅದಕ್ಕೊಂದು ಹೆಸರು ಸಿಕ್ಕಿತ್ತು. ಎಡಿಎಚ್‌ಡಿ ಅಂತೆ, ಗಮನ ಒಂದು ಕಡೆ ನಿಲ್ಲದ ತೊಂದರೆ, ಅದೂ ನಲವತ್ತು ದಾಟಿದ ಮೇಲೆ! "ದೂರದಲ್ಲಿರೋ ಬಹುಮಾನ ನಿಮ್ಮ ಮೆದುಳಿಗೆ ಅಷ್ಟಾಗಿ ತಾಗಲ್ಲ, ಈಗಲೇ ಕೈಗೆ ಸಿಗೋದು ತಾಗುತ್ತೆ. ಎಲ್ಲರಿಗೂ ಒಂದೇ ಥರ ಅಲ್ಲ, ನಿಮ್ಮ ಕಥೆ ಕೇಳಿದ್ರೆ ಹಾಗನ್ನಿಸುತ್ತೆ" ಎಂದಿದ್ದರು ಡಾಕ್ಟರಮ್ಮ. ನಾನು ತಲೆಯಾಡಿಸುತ್ತಿದ್ದೆ. ಮನಸ್ಸು ಆಗಲೇ ಅತ್ತೆಯ ಅಡುಗೆಮನೆ ಸೇರಿತ್ತು.

ಅತ್ತೆ ಎಂದರೆ ಅಪ್ಪನ ಅಕ್ಕ. ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ ನಾನು ಡುಮ್ಕಿ ಹೊಡೆದಾಗ, ಮರುವರ್ಷದ ಪರೀಕ್ಷೆಗೆ ಓದಲೆಂದು ಅರಕಲಗೂಡಿನಿಂದ ಹೊಳೆನರಸೀಪುರದ ಅವರ ಮನೆಗೆ ಸಾಗಹಾಕಿದರು. "ಪಾಸಾದ್ರೆ ಸೈಕಲ್ಲು, ಇಲ್ದಿದ್ರೆ ಮದ್ವೆ. ಸೋಂಬೇರಿ ಮುಂಡೇದು!" ಎಂದು ಅಪ್ಪ ಬಸ್ಸಿನ ಕಿಟಕಿಗೇ ಬಂದು ತೀರ್ಪು ಕೊಟ್ಟಿದ್ದರು. ಸೈಕಲ್ಲಿನ ಆಸೆ ಇತ್ತು, ಮದುವೆಯ ಭಯ ಅದಕ್ಕಿಂತ ಜಾಸ್ತಿ ಇತ್ತು. ಆದರೆ ಪುಸ್ತಕ ತೆರೆದರೆ ಎರಡೂ ಮಾಯ. ಗೋಡೆಯ ಮೇಲಿನ ಹಲ್ಲಿಯೇ ಲೋಕವಾಗಿಬಿಡುತ್ತಿತ್ತು.

ಅತ್ತೆ ಬೈಯಲಿಲ್ಲ. ನೆನೆಸಿದ ಅವರೆಕಾಳು ಹಿದುಕುತ್ತಾ ಪಕ್ಕದಲ್ಲೇ ಕೂತರು, ಮಡಿಲಲ್ಲಿ ಕೋಡುಬಳೆ. ಒಂದು ಲೆಕ್ಕ ಮುಗಿದರೆ ಒಂದು ತುಂಡು, ಅಲ್ಲೇ, ಅದೇ ಒದ್ದೆ ಕೈಯಲ್ಲಿ. "ಇಡೀದೇ ಕೊಡು ಅತ್ತೆ" ಅಂದರೆ, "ಊಂ, ತಿನ್ಕಂಡು ಒಳೆ ಕಡೆ ಓಡೋಗಕ್ಕಾ? ನಾ ಕಾಣ್ನಾ ನಿನ್ನ?" ಎಂದು ನಗುವರು. ಒಮ್ಮೆ ಮಾತ್ರ ಲೆಕ್ಕ ತಪ್ಪಿತೆಂದು ಕೊಟ್ಟ ತುಂಡನ್ನು ಕಿತ್ತುಕೊಂಡರು. ಬೆರಳುದ್ದವೂ ಇಲ್ಲದ ತುಂಡು ಕಣ್ರೀ! ನನಗೆ ಆಕಾಶವೇ ಕಳಚಿ ಬಿತ್ತು. ಪುಸ್ತಕ ಎಸೆದು ಹೊಳೆದಂಡೆಗೆ ಓಡಿಹೋಗಿ ಸಂಜೆಯವರೆಗೂ ಅಳುತ್ತಾ ಕೂತೆ. ಅತ್ತೆ ಹುಡುಕಿಕೊಂಡು ಬಂದು, "ಕೊಟ್ಟಿದ್ನ ಕಿತ್ಕಬಾರ್ದಾಗಿತ್ತು ಕಣವ್ವಾ. ಬಾ, ಮನೇಗೋಗಾನ" ಎಂದರು. ಆಮೇಲೆ ತಪ್ಪಿದಾಗಲೆಲ್ಲ ಒಂದೇ ಮಾತು: "ಇನ್ನೊಂದ್ ಕಿತ ಮಾಡು."

ಪಾಸಾದೆ. ಕಾಲೇಜು ಓದಿ ಟೀಚರೂ ಆದೆ. ಸೈಕಲ್ಲು ಬರಲಿಲ್ಲ, ಬಿಡಿ. ಸೋಂಬೇರಿ ಎಂಬ ಬಿರುದು ಮಾತ್ರ ಬೆನ್ನು ಬಿಡಲಿಲ್ಲ. ಅಪ್ಪ ಅಂದರು, ಗಂಡ ಅಂದರು, ಸ್ಕೂಲಿನ ಹೆಡ್ ಮೇಡಂ ಅಂದರು. ಕೊನೆಗೆ ನಾನೂ ನಂಬಿಬಿಟ್ಟಿದ್ದೆ.

ಹೊಳೆನರಸೀಪುರದಲ್ಲಿ ಅತ್ತೆ ಜಗಲಿಯ ಮೇಲೆ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಚಪ್ಪಲಿ ಬಿಡುವ ಮೊದಲೇ ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಒಂದೇ ಉಸಿರಿಗೆ ಒದರಿದೆ. "ಅಂದ್ರೆ ಅತ್ತೆ, ನಾನು ಸೋಂಬೇರಿ ಅಲ್ವಂತೆ!"

ಅತ್ತೆ ಕೈ ನಿಲ್ಲಿಸಿ ನನ್ನನ್ನೇ ನೋಡಿದರು. "ನಾನ್ಯಾವತ್ತಾರ ಅಂಗಂದಿದ್ನಾ?"

ಅಂದಿರಲಿಲ್ಲ. ಒಂದೇ ಒಂದು ಸಲವೂ ಅಂದಿರಲಿಲ್ಲ. ಪೊಟ್ಟಣ ಬಿಚ್ಚಿ ಅವರ ಮುಂದಿಟ್ಟೆ.

"ನಂಗೆಲ್ಲೈತವ್ವಾ ಕಡಿಯಕ್ಕೆ ಅಲ್ಲು? ನೀನೇ ತಿನ್ನು" ಎಂದು ಅತ್ತೆ ಒಂದನ್ನೆತ್ತಿ, ಮುರಿಯದೆ, ನನ್ನ ಕೈಗಿಟ್ಟರು. ಅವರ ಪಕ್ಕದಲ್ಲೇ ಕೂತು ಇಡೀ ಕೋಡುಬಳೆ ತಿಂದೆ. ಎಲ್ಲಿಗೂ ಓಡಲಿಲ್ಲ.