ಒಣದ್ರಾಕ್ಷಿ ಶೆಡ್ಡಿನ ಗಿಟಾರುಗಳು

ವಿಜಯಪುರದಲ್ಲಿ ಗಿಟಾರು ತಯಾರಾಗುತ್ತದೆ ಎಂದರೆ ಹೊರಗಿನವರು ಹಾಗಿರಲಿ, ಊರಿನವರೇ ನಗುತ್ತಾರೆ. ನಕ್ಕವರಿಗೆ ಮೊದಲೆಲ್ಲ ನಾನು ಸಿಟ್ಟಿನಿಂದ ಉತ್ತರ ಕೊಡುತ್ತಿದ್ದೆ. ಈಗ ಕೊಡುವುದಿಲ್ಲ. ಆ ಗಿಟಾರುಗಳ ಬಗ್ಗೆ ಏನು ಹೇಳಬೇಕೆಂದು ಈಗ ನನಗೇ ತಿಳಿಯುವುದಿಲ್ಲ.

ನಮ್ಮದು ಹೇಳಿಕೊಳ್ಳುವಂಥ ದೊಡ್ಡ ಕಾರ್ಖಾನೆ ಏನಲ್ಲ. ಹೊಸದಾಗಿ ಕಲಿಯುವವರು ಕೊಳ್ಳುವ ಸಾದಾ ಗಿಟಾರುಗಳನ್ನು ಮಾಡುತ್ತೇವೆ. ಗೋಳಗುಮ್ಮಟದ ಹಿಂದಿನ ಓಣಿಯಲ್ಲಿ, ಚಹಾದಂಗಡಿಗಳ ನಡುವೆ ನಮ್ಮ ಜಾಗ ಇತ್ತು. ಮುಂದೆ ಬಡಿಗರು ಕೆಲಸ ಮಾಡುವ ತಗಡಿನ ಚಪ್ಪರ, ಅದರ ಹಿಂದೆ ಬಾದಶಹರ ಕಾಲದ್ದೆಂದು ಎಲ್ಲರೂ ಹೇಳುವ ಒಂದು ಕಲ್ಲಿನ ಕೋಣೆ. ಗಚ್ಚಿನ ಗೋಡೆ, ನೆತ್ತಿಯ ಮೇಲೆ ಕಮಾನು. ಆ ಕೋಣೆಯಲ್ಲಿ ಕೂತು ತಯಾರಾದ ಗಿಟಾರನ್ನು ಬಾರಿಸಿ ನೋಡುವುದೇ ನನ್ನ ಕೆಲಸ. ದನಿ ಚಲೋ ಇದ್ದರೆ ಪಾಸು, ಇಲ್ಲದಿದ್ದರೆ ವಾಪಸು. ನಾನು ಗಿಟಾರು ಕಲಿತದ್ದು ನಮ್ಮ ಬುದ್ಧವಿಹಾರದ ಹಾಡಿನ ತಂಡದಲ್ಲಿ. ಜಯಂತಿಯ ದಿನ ಮೈಕು ಕೈಕೊಟ್ಟಾಗಲೂ ಕೊನೆಯ ಸಾಲಿನವರಿಗೆ ಕೇಳುವ ಹಾಗೆ ಬಾರಿಸುತ್ತಿದ್ದೆ. ಅದನ್ನು ಕೇಳಿಯೇ ಸಾಹುಕಾರರು ನನ್ನನ್ನು ಕೆಲಸಕ್ಕೆ ಕರೆದದ್ದು.

ಆ ಕೋಣೆಯಲ್ಲಿ ಒಂದು ರೂಢಿ ಇತ್ತು. ನಾನು ಎಲ್ಲ ತಂತಿಗಳನ್ನೂ ಒಮ್ಮೆ ಎಳೆದು ಕೈ ಬಿಡುತ್ತಿದ್ದೆ. ನಾದ ಪೂರ್ತಿ ಇಂಗುವವರೆಗೆ ಯಾರೂ ಬಾಯಿ ಬಿಡಬಾರದು. ಬಡಿಗರು ಕಟ್ಟಿಗೆಗೆ ರಂದಾ ಹೊಡೆಯುವುದನ್ನು ನಿಲ್ಲಿಸಬೇಕು, ಚಹಾ ತಂದವನು ಹೊಸ್ತಿಲಲ್ಲೇ ನಿಲ್ಲಬೇಕು, ಸಾಹುಕಾರರೇ ಬಂದರೂ ಕೆಮ್ಮು ನುಂಗಬೇಕು. ದನಿ ಕಮಾನಿಗೆ ಏರಿ, ಅಲ್ಲಿ ಒಂದಿಷ್ಟು ಹೊತ್ತು ನಿಂತು, ಮೆಲ್ಲಗೆ ಇಳಿಯುತ್ತಿತ್ತು. "ದನಿ ನಿಂತೈತಿ" ಎಂದು ನಾನು ಹೇಳಿದ ಮೇಲೆಯೇ ಎಲ್ಲರೂ ಉಸಿರು ಬಿಡುತ್ತಿದ್ದರು. ನನ್ನ ಕಿವಿಯ ಬಗ್ಗೆ ನನಗೆ ಜಂಬ ಇತ್ತು, ಯಾಕೆ ಇರಬಾರದು? ಇಷ್ಟು ಮಂದಿಯನ್ನು ಸುಮ್ಮನಿರಿಸುವ ಅಧಿಕಾರ ನನಗೆ ಮನೆಯಲ್ಲಂತೂ ಇಲ್ಲ.

ಆದರೆ ಆ ಓಣಿಯೊಳಗೆ ಲಾರಿ ಬರುವುದಿಲ್ಲ. ಸ್ಮಾರಕದ ಹತ್ತಿರದ ಜಾಗ ಎಂದು ಒಂದು ಇಟ್ಟಂಗಿ ಹೆಚ್ಚಿಗೆ ಇಡಲೂ ಬಿಡುವುದಿಲ್ಲ. ಸಾಹುಕಾರರಿಗೆ ಸಾಕಾಗಿಹೋಯಿತು. ತಿಕೋಟಾದ ಹೊರಗೆ, ದ್ರಾಕ್ಷಿ ತೋಟಗಳ ನಡುವೆ ಖಾಲಿ ಬಿದ್ದಿದ್ದ ಒಣದ್ರಾಕ್ಷಿಯ ಶೆಡ್ಡೊಂದನ್ನು ಹಿಡಿದರು. ಎತ್ತರದಲ್ಲಿ ತಗಡು, ಎರಡೂ ಬದಿಗೆ ಗೋಡೆಯ ಬದಲು ಹಸಿರು ಬಲೆ. ಗಾಳಿ ಈ ಕಡೆಯಿಂದ ಬಂದು ಯಾರನ್ನೂ ಕೇಳದೆ ಆ ಕಡೆ ಹೋಗುತ್ತದೆ. ಎಷ್ಟು ತೊಳೆದರೂ ನೆಲದಿಂದ ಸಿಹಿ ವಾಸನೆ ಬಿಡಲಿಲ್ಲ. ನಾವು ಹೋದ ಮೇಲೆ ಹಳೆಯ ಕಲ್ಲಿನ ಕೋಣೆಯನ್ನು ಮದುವೆಗೆ ಪೆಂಡಾಲು ಹಾಕುವವನೊಬ್ಬ ಬಾಡಿಗೆಗೆ ಹಿಡಿದನೆಂದು ಕೇಳಿದೆ.

ಗಿಟಾರಿನ ಹೊಟ್ಟೆಯೊಳಗೆ ತೆಳುವಾದ ಕಟ್ಟಿಗೆ ಪಟ್ಟಿಗಳನ್ನು ಅಂಟಿಸಿರುತ್ತಾರೆ. ಹೊರಗೆ ಕಾಣುವುದಿಲ್ಲ, ಆದರೆ ಅವು ಸರಿಯಾಗಿ ಕೂರದಿದ್ದರೆ ದನಿ ಏಳುವುದಿಲ್ಲ. ಆ ಕೆಲಸ ಮಾಡುತ್ತಿದ್ದ ಹಿರಿಯರು, ನಮಗೆಲ್ಲ ಕಾಕಾ, "ದಿನಾ ಬಸ್ಸಿನ್ಯಾಗ ತಿಕೋಟಾಕ ಹೋಗೂದು ನನ್ನಿಂದ ಆಗೂದಿಲ್ಲಪಾ" ಎಂದು ಬಿಟ್ಟುಬಿಟ್ಟರು. ಅವರ ಜಾಗಕ್ಕೆ ಕಳ್ಳಕವಟಗಿಯ ಒಬ್ಬ ಹೆಂಗಸು ಬಂದಳು. ನನಗಿಂತ ಸ್ವಲ್ಪ ದೊಡ್ಡವಳು, ಅದಕ್ಕೇ ಅಕ್ಕ ಎನ್ನುತ್ತಿದ್ದೆ. ಮೊದಲು ಅದೇ ಶೆಡ್ಡಿನಲ್ಲಿ ಮನೂಕ, ಅಂದರೆ ಒಣದ್ರಾಕ್ಷಿ ಆರಿಸುತ್ತಿದ್ದವಳು. ಶೆಡ್ಡು ಮುಚ್ಚಿದ ಮೇಲೆ ಮಂದಿಯ ತೋಟಗಳಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ದುಡಿದಿದ್ದಳು. ಕಾಕಾ ಬಂದು ಒಂದಿಷ್ಟು ದಿನ ಕೈಹಿಡಿದು ಕಲಿಸಿ ಹೋದರು.

"ನೆಳ್ಳಾಗಿನ ಕೆಲಸ ಸಿಕ್ತು ನೋಡ್ರಿ ಅಣ್ಣಾರ, ಇನ್ನ ನನಗ ಏನೂ ಬ್ಯಾಡ," ಎಂದು ಅವಳು ಮೊದಲ ದಿನವೇ ಹೇಳಿದಳು. ನಮ್ಮ ಕಡೆಯ ಬೇಸಿಗೆ ಕಂಡವರಿಗೆ ಆ ಮಾತಿನ ತೂಕ ಗೊತ್ತು.

ಅವಳು ಪಟ್ಟಿ ಅಂಟಿಸಿದ ಮೊದಲ ಗಿಟಾರು ತಯಾರಾದ ದಿನ ಎಲ್ಲರೂ ಕೆಲಸ ನಿಲ್ಲಿಸಿ ರೂಢಿಯಂತೆ ಸುತ್ತ ನಿಂತರು. ನಾನು ತಂತಿ ಎಳೆದೆ. ದನಿ ಹುಟ್ಟಿತು, ಬಲೆಯಿಂದ ಹೊರಗೆ ಹೋಯಿತು, ಮುಗಿಯಿತು. ನಾವು ಮಾತ್ರ ಇನ್ನೂ ಸುಮ್ಮನೆ ನಿಂತಿದ್ದೆವು.

"ಮುಗೀತೇನು?" ಎಂದು ಹಿರಿಯ ಬಡಿಗ ಕೇಳಿದ.

ಇನ್ನೊಮ್ಮೆ ಎಳೆದೆ. ಅಷ್ಟೇ. ಗಿಟಾರು ವಾಪಸು ಕಳಿಸಿದೆ. ಮುಂದಿನದೂ ಹಾಗೇ, ಅದರ ಮುಂದಿನದೂ ಹಾಗೇ. ಮೂಲೆಯಲ್ಲಿ ವಾಪಸಾದ ಗಿಟಾರುಗಳ ಸಾಲು ಬೆಳೆಯತೊಡಗಿತು. ಅದರ ಜೊತೆಗೆ ಕಾರಣಗಳೂ ಬೆಳೆದವು. ಬಡಿಗ ಕಟ್ಟಿಗೆ ಹಸಿ ಎಂದ. ಬಣ್ಣ ಹಚ್ಚುವವನು ತಗಡಿನ ಕಾವು ಎಂದ. ದ್ರಾಕ್ಷಿಯ ಸಿಹಿಗಾಳಿ ಕುಡಿದು ಕಟ್ಟಿಗೆ ಜಡವಾಗಿದೆ ಎಂದು ಒಬ್ಬ ಹೇಳಿದ್ದನ್ನು ನಾನೂ ಎರಡು ದಿನ ನಂಬಿದ್ದೆ, ಈಗ ನೆನೆದರೆ ನಾಚಿಕೆಯಾಗುತ್ತದೆ. ಸಾಹುಕಾರರ ತಾಯಿ ಬಾಗಿಲಿಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟಿಸಿದರು. ದನಿ ಏಳಲಿಲ್ಲ.

ಕೊನೆಗೆ ಎಲ್ಲರ ಬೆರಳೂ ಹೊಸಬಳ ಕಡೆಗೇ ತಿರುಗಿತು. ಬೇರೆಲ್ಲರೂ ಹಳಬರು, ಬದಲಾದ ಕೈ ಅದೊಂದೇ. ಸಾಹುಕಾರರು ನನ್ನನ್ನು ಪಕ್ಕಕ್ಕೆ ಕರೆದರು.

"ಮನೂಕ ಆರಿಸೋ ಕೈಯಾಗ ಗಿಟಾರ ಕೊಟ್ಟದ್ದ ತಪ್ಪಾತೇನೋ. ಆಕಿ ಸದ್ಯಾಕ ಮನ್ಯಾಗ ಇರ್ಲಿ. ನಿನ್ನ ಕಿವಿ ಮ್ಯಾಲ ನನಗ ಭರೋಸಾ ಐತಿ. ತಪ್ಪು ಆಕೀದೋ ಅಲ್ಲೋ, ನೀನ ನೋಡಿ ಹೇಳು. ಆಕೀದ ಆದ್ರ ಬ್ಯಾರೆಯವರನ್ನ ಹುಡಕ್ತೇನಿ."

ಅವಳ ಮುಂದೆ ಹೋಗಿ ಅದನ್ನು ಹೇಳಿದವನು ನಾನೇ. ಅವಳು ಅಂಟಿನ ಡಬ್ಬಿಯ ಮುಚ್ಚಳ ಗಟ್ಟಿ ಮಾಡಿ, ಬುತ್ತಿ ಎತ್ತಿಕೊಂಡು ಬಸ್ಸಿಗೆ ಹೋದಳು. ಜಗಳವಾಡಿದ್ದರೆ ಚೆನ್ನಾಗಿತ್ತು ಅನಿಸಿತು.

ಆ ವಾರವೇ ನಿಡೋಣಿಯ ಶಾಲೆಯ ಶಿಕ್ಷಕರೊಬ್ಬರು ತಂತಿ ಬದಲಿಸಲು ಗಿಟಾರು ತಂದರು. ನೋಡಿದ ಕೂಡಲೇ ಗುರುತು ಹಿಡಿದೆ. ಕಾಕಾನ ಕೈಯ ಕೆಲಸ, ಕಲ್ಲಿನ ಕೋಣೆಯಲ್ಲಿ ನಾನೇ ಬಾರಿಸಿ "ಇಂಥಾದ್ದು ಇನ್ನೊಂದು ಆಗೂದಿಲ್ಲ" ಎಂದು ಮೆರೆಸಿದ ಗಿಟಾರು. ಹೊಸ ತಂತಿ ಕಟ್ಟಿ, "ಕೇಳ್ರಿ ಎಲ್ಲಾರೂ" ಎಂದು ಬಡಿಗರನ್ನು ಕರೆದು ಬಾರಿಸಿದೆ. ದನಿ ಹುಟ್ಟಿತು, ಬಲೆಯಿಂದ ಹೊರಗೆ ಹೋಯಿತು, ಮುಗಿಯಿತು.

ನಾನು ಶಿಕ್ಷಕರ ಕಡೆ ತಿರುಗಿದೆ. "ಬಿಸಿಲಾಗ ಇಟ್ಟಿದ್ರೇನ್ರಿ ಸರ್? ಕೆಟ್ಟು ಹೋಗೇತಿ."

"ಇಲ್ರಿ, ಗಾದಿ ಮ್ಯಾಲ ಇಡ್ತೇನಿ," ಎಂದು ಅವರು ನನ್ನನ್ನೇ ವಿಚಿತ್ರವಾಗಿ ನೋಡಿದರು. "ತಂದ ದಿನದಿಂದ ಹಿಂಗ ಐತ್ರಿ ದನಿ. ಯಾಕ, ಹಿಂಗ ಇರಬಾರದೇನು?"

ಗಿಟಾರು ಒಂದು ವಾರ ಇರಲಿ, ನೋಡುತ್ತೇನೆ ಎಂದು ಸುಳ್ಳು ಹೇಳಿ ಇಟ್ಟುಕೊಂಡೆ. ಕಾಕಾನ ಕೈಯೂ ಕೆಟ್ಟದ್ದೇ? ನನ್ನ ಕಿವಿಗೇ ಏನಾದರೂ ಆಗಿದೆಯೇ? ಕಿವಿಯ ಡಾಕ್ಟರ ಹತ್ತಿರವೂ ಹೋಗಿಬಂದೆ. ಕಿವಿ ಶುದ್ಧ ಇದೆ ಎಂದರು. ಅದರಿಂದ ಗೊಂದಲ ಇನ್ನಷ್ಟು ಹೆಚ್ಚಿತು.

ಭಾನುವಾರ ಬಬಲೇಶ್ವರದಿಂದ ನನ್ನ ಅತ್ತೆ ಬಂದರು. ಬೀಗರು ಬಂದರೆ ಗೋಳಗುಮ್ಮಟ ಹತ್ತಿಸುವುದು ನಮ್ಮ ಊರಿನವರಿಗೆ ಚಹಾ ಕೊಟ್ಟಷ್ಟೇ ಸಹಜ. ಎಷ್ಟು ಮಂದಿಯನ್ನು ಕರೆದುಕೊಂಡು ಹೋಗಿ, ಚಪ್ಪಾಳೆ ತಟ್ಟಿಸಿ, ಅದು ತಿರುಗಿ ತಿರುಗಿ ಕೇಳುವುದನ್ನು ನಾನೇ ಕಟ್ಟಿಸಿದವನ ಹಾಗೆ ತೋರಿಸಿದ್ದೇನೋ. ಅತ್ತೆ ಏದುಸಿರು ಬಿಡುತ್ತ ಮೇಲೆ ಹತ್ತಿ, ಗೋಡೆಗೆ ಬಾಯಿ ಹಚ್ಚಿ ಒಂದು ಸೋಬಾನೆಯ ಸಾಲು ಎಳೆದರು. ಅದು ಗುಮ್ಮಟದ ತುಂಬ ತಿರುಗಿ ವಾಪಸು ಬಂತು.

"ನೋಡ್ರಿ ಅಳಿಯಂದ್ರ!" ಎಂದು ಅತ್ತೆ ಹಿಗ್ಗಿಹೋದರು. "ಮನ್ಯಾಗ ಹಾಡಿದ್ರ ಕಾಗಿ ಕೂಗಿದಂಗ ಆಗತೈತಿ ಅಂತಾರ ನಿಮ್ಮ ಮಾವ. ಇಲ್ಲಿ ಬಂದ ಕೂಡ್ಲೇ ನನ್ನ ದನಿ ಎಷ್ಟ ಚಂದ ಆತು!"

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಗುಮ್ಮಟದ ಒಳಸುತ್ತಿನ ಆ ಕಟ್ಟೆಯ ಮೇಲೆ ಹಾಗೇ ಕೂತುಬಿಟ್ಟೆ. ಕಲ್ಲು, ಗಚ್ಚು, ಕಮಾನು. ಇಷ್ಟು ವರ್ಷ ನಾನು ಕೇಳಿದ್ದು ಗಿಟಾರನ್ನೋ, ಕೋಣೆಯನ್ನೋ? ಗುಮ್ಮಟದ ನೆರಳಿನಲ್ಲಿ ಹುಟ್ಟಿ ಬೆಳೆದವನಿಗೆ ಇಷ್ಟು ತಿಳಿಯಬಾರದೇ?

ಸೋಮವಾರ ಅಕ್ಕ ಮಾಡಿದ ಒಂದು ವಾಪಸು ಗಿಟಾರನ್ನೂ ನಿಡೋಣಿಯವರ ಗಿಟಾರನ್ನೂ ಹೆಗಲಿಗೆ ಹಾಕಿಕೊಂಡು ಹಳೆಯ ಕೋಣೆಗೆ ಹೋದೆ. ಒಳಗೆ ಕಮಾನಿನವರೆಗೆ ಗಾದಿ, ಲೋಡು, ಶಾಮಿಯಾನದ ಬಟ್ಟೆ ಒಟ್ಟಿದ್ದರು. ಸಂದಿಯಲ್ಲಿ ನಿಂತು ಬಾರಿಸಿದೆ. ಎರಡೂ ಗಿಟಾರುಗಳು ಹಾಸಿಗೆಯೊಳಗೆ ಮುಖ ಮುಚ್ಚಿಕೊಂಡು ಮಾತಾಡಿದಂತೆ ಕೇಳಿದವು. ಅಳು ಬರುವುದೊಂದು ಬಾಕಿ.

ಪೆಂಡಾಲಿನವನಿಗೆ ನನ್ನ ಅವಸ್ಥೆ ನೋಡಿ ಕನಿಕರ ಬಂತು. "ನಾಡಿದ್ದ ದೊಡ್ಡ ಲಗ್ನ ಐತ್ರಿ, ಎಲ್ಲಾ ಸಾಮಾನ ಹೊರಗ ಹೋಗತೈತಿ. ಅವತ್ತ ಬಂದು ಎಷ್ಟ ಬೇಕೋ ಅಷ್ಟ ಬಾರಸ್ರಿ."

ಮದುವೆಯ ದಿನ ಹೋದೆ. ಕೋಣೆ ಬರಿದಾಗಿತ್ತು. ಮೊದಲು ಅಕ್ಕನ ಗಿಟಾರು ಎತ್ತಿದೆ. ತಂತಿ ಎಳೆದು ಕೈ ಬಿಟ್ಟೆ. ದನಿ ಏರಿತು, ಕಮಾನಿನಲ್ಲಿ ನಿಂತಿತು, ಮೆಲ್ಲಗೆ ಇಳಿಯಿತು. ಆಮೇಲೆ ನಿಡೋಣಿಯದು. ಅದೂ ಏರಿತು, ನಿಂತಿತು, ಇಳಿಯಿತು. ಕಣ್ಣು ಮುಚ್ಚಿ ಪೆಂಡಾಲಿನವನಿಂದ ಅದಲುಬದಲು ಮಾಡಿಸಿಕೊಂಡು ಬಾರಿಸಿದೆ. ಯಾವುದು ಯಾರದೆಂದು ನನಗೆ ಹೇಳಲಾಗಲಿಲ್ಲ. ಅಕ್ಕನ ಕೈಯಲ್ಲಿ ತಪ್ಪಿಲ್ಲ ಎಂದು ಒಂದು ಕ್ಷಣ ಬಹಳ ಸಂತೋಷವಾಯಿತು. ಮರುಕ್ಷಣವೇ ಅನಿಸಿತು, ಇಲ್ಲಿ ಖಾಲಿ ಡಬ್ಬಿ ಬಡಿದರೂ ಹೀಗೇ ಕೇಳುತ್ತದೇನೋ. ಹಾಗಾದರೆ ನಾನು ಪಾಸು ಮಾಡಿ ಕಳಿಸಿದ ಅಷ್ಟೂ ಗಿಟಾರುಗಳು ಎಂಥವು? ಮನೆಗಳಲ್ಲಿ ಅವು ಹೇಗೆ ಕೇಳುತ್ತಿವೆ?

ಸಾಹುಕಾರರಿಗೆ ಎಲ್ಲ ಬಿಡಿಸಿ ಹೇಳಿದೆ. ಅವರು ಗದ್ದ ಕೆರೆದುಕೊಂಡರು.

"ಅಂದ್ರ ಮಾಲು ಚಲೋ ಐತಿ?"

"ಮೊದಲಿನಂಗ ಐತ್ರಿ."

"ಹಂಗಾರ ಆತಲ್ಲ! ಆಕಿನ ಕರ್ಕೊಂಡ ಬಾ," ಎಂದು ಎದ್ದೇ ಹೋದರು. ಅವರಿಗೆ ಎಲ್ಲ ಬಗೆಹರಿದಿತ್ತು.

ಸಂಜೆಯ ಬಸ್ಸಿಗೆ ಕಳ್ಳಕವಟಗಿಗೆ ಹೋದೆ. ಅಕ್ಕ ಅಂಗಳದಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಆಗಲೇ ಮುಖ ಬಿಸಿಲಿಗೆ ಕಪ್ಪಿಟ್ಟಿತ್ತು, ಯಾರದೋ ತೋಟದ ಕೆಲಸಕ್ಕೆ ಹೋಗುತ್ತಿದ್ದಳಂತೆ. ನೀರು ಕೊಟ್ಟಳು. ನಾನು ಕೋಣೆಯ ಕಥೆ, ಅತ್ತೆಯ ಹಾಡು, ಗಾದಿ, ಎಲ್ಲ ಹೇಳಿದೆ. ಕೈ ನಿಲ್ಲಿಸದೆ ಕೇಳಿದಳು.

"ಅಂದ್ರ ನಾ ಅಂಟಿಸಿದ್ದು ಸರಿ ಐತಿ?"

"ಕಾಕಾನ ಕೆಲಸದಷ್ಟ ಸರಿ ಐತಿ ಅಕ್ಕಾ."

"ಕಾಕಾಂದು ಚಲೋ ಇತ್ತೇನ್ರಿ?"

ನಾನು ನೀರು ಕುಡಿದೆ. "ನನಗ ತಿಳೀವಲ್ದು," ಎಂದೆ. "ನೀ ನಾಳಿಂದ ಬಾ, ಸಾವ್ಕಾರ್ರು ಕರ್ದಾರ."

ಅವಳು ಮೊರ ಕೆಳಗಿಟ್ಟಳು. "ಬರ್ತೇನ್ರಿ, ನೆಳ್ಳ ಯಾರಿಗೆ ಬ್ಯಾಡ? ಆದ್ರ ಒಂದ ಮಾತು ಹೇಳ್ರಿ ಅಣ್ಣಾರ. ನನ್ನ ಕೆಲಸ ಚಲೋ ಐತಂತ ಬರ್ಲೋ, ನಿಮಗ ತಿಳೀವಲ್ದಂತ ಬರ್ಲೋ?"

ಕೊನೆಯ ಬಸ್ಸು ಬಂತು ಎಂದು ನೆಪ ಹೇಳಿ ಎದ್ದೆ. ಬಸ್ಸು ನಿಜವಾಗಿ ಬರಲು ಇನ್ನೂ ಬಹಳ ಹೊತ್ತಿತ್ತು.

ಮರುದಿನ ಅವಳು ಬಂದಳು. ಮತ್ತೆ ಅವಳು ಪಟ್ಟಿ ಅಂಟಿಸಿದ ಮೊದಲ ಗಿಟಾರು ತಯಾರಾದಾಗ ಬೇರೆಯವರ ಕೈಗೆ ಕೊಡದೆ ತಾನೇ ತಂದು ನನ್ನ ತೊಡೆಯ ಮೇಲಿಟ್ಟಳು. ರೂಢಿಯಂತೆ ಎಲ್ಲರೂ ಸುಮ್ಮನೆ ನಿಂತರು. ನಾನು ತಂತಿ ಎಳೆದು ಕೈ ಬಿಟ್ಟೆ. ದನಿ ಬಲೆಯಿಂದ ಹೊರಗೆ ಹೋಯಿತು. ದ್ರಾಕ್ಷಿ ತೋಟದಲ್ಲಿ ಯಾರದೋ ಟ್ರ್ಯಾಕ್ಟರು ಸದ್ದು ಮಾಡುತ್ತಿತ್ತು. ಅವಳು ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.

"ಪಾಸು," ಎಂದೆ.

ಅವಳು ತಲೆಯಾಡಿಸಿ, ತಿರುಗಿ ಹೋಗಿ, ಮುಂದಿನ ಗಿಟಾರಿಗೆ ಅಂಟು ಹಚ್ಚಲು ಕೂತಳು. ನನ್ನ ಮಾತು ನಂಬಿದಳೋ ಇಲ್ಲವೋ, ಬೆನ್ನು ನೋಡಿ ನನಗೆ ತಿಳಿಯಲಿಲ್ಲ.