ಬೀರವ್ವನ ಮೇಲೆ ನಾನು ಬರೆದ ವರದಿ

ಎರಡನೇ ಮಹಾಯುದ್ಧ ಮುಗಿದ ಮರುವರ್ಷ, ನಿಜಾಮರ ಆಳ್ವಿಕೆಯಲ್ಲಿ, ನಾನು ನಾರಾಯಣಖೇಡ ಸೀಮೆಯ ಒಂದು ಸಣ್ಣ ದವಾಖಾನೆಯಲ್ಲಿ ಡಾಕ್ಟರಾಗಿದ್ದೆ. ವಯಸ್ಸು ಇಪ್ಪತ್ತೇಳು, ಎಲ್ಲ ಬಲ್ಲೆನೆಂಬ ಜಂಭ ಬೇರೆ.

ಒಂದು ಬೆಳಿಗ್ಗೆ ಕುರಿಗಾರರ ಬೀರವ್ವ, ಗಂಡನ ಮೊದಲ ಹೆಂಡತಿಯ ಮಗಳಾದ ಆರು ವರ್ಷದ ನಿಂಗಿಯನ್ನು ಹೊತ್ತು ತಂದಳು. ಮಗುವಿನ ಕಾಲು, ಕುಂಡೆಗಳ ತುಂಬ ನೇರಳೆ ಕಲೆ. ಹೊಟ್ಟೆನೋವೆಂದು ಅಳುತ್ತಿತ್ತು, ಪಾದದ ಕೀಲು ಊದಿತ್ತು. ಮಲತಾಯಿ ಎಂಬ ಒಂದೇ ಮಾತು ನನಗೆ ಸಾಕಾಯಿತು. ಏಟಿನ ಗುರುತುಗಳೆಂದು ಬರೆದು ವರದಿಯನ್ನು ಪೊಲೀಸ್ ಅಮೀನರಿಗೆ ಕಳಿಸಿಬಿಟ್ಟೆ. ಮಗುವನ್ನು ದವಾಖಾನೆಯ ಕೋಣೆಯೊಂದರಲ್ಲಿ ಇರಿಸಿ ಬೀಗ ಹಾಕಿದೆ, ಬೀರವ್ವ ಅದರ ಹತ್ತಿರ ಸುಳಿಯಕೂಡದೆಂದು ಕಟ್ಟಪ್ಪಣೆ ಮಾಡಿದೆ. ಸುದ್ದಿ ಕೇಳಿ ಅವಳ ಗಂಡ, ತವರಿಗೆ ಅಟ್ಟುತ್ತೇನೆ ಎಂದ.

"ನಾ ಹೊಡೆದಿಲ್ರಿ" ಎನ್ನುತ್ತ ಬೀರವ್ವ ದವಾಖಾನೆಯ ಜಗಲಿಯಲ್ಲೇ ಕುಳಿತಳು. ನನಗೆ ಅದೂ ನಾಟಕವೆನಿಸಿತು.

ಮೂರನೆಯ ದಿನ ಮಗುವಿನ ಮೊಣಕಾಲ ಕೆಳಗೆ ಹೊಸ ಕಲೆಗಳು. ಕೋಣೆಯ ಕೀಲಿ ನನ್ನ ಜೇಬಿನಲ್ಲಿತ್ತು! ಆದರೂ ಕಂಪೌಂಡರನ ಮೇಲೆ ಸಂಶಯಪಟ್ಟೆ, ಆಮೇಲೆ ಆಯಾಳ ಮೇಲೆ. ಕೊನೆಗೆ ಬೀರವ್ವನನ್ನೇ ಕರೆದು ಗದರಿದೆ.

"ಸಾಹೇಬ್ರ, ಕುರಿ ತುಪ್ಪಟ ಕತ್ತರಿಸೋ ಮಂದಿ ನಾವು. ತುಪ್ಪಟದಾಗಿನ ರೋಗ ಕಣ್ಣಿಗಿ ಕಾಣಲ್ಲ, ಬೆರಳಿಗಿ ಸಿಗ್ತದ. ಏಟಿನ ಕಲೆ ಹಿಂಗ ಕಾಳುಕಾಳಾಗಿ ಏಳಲ್ಲರಿ. ಒಮ್ಮಿ ಮುಟ್ಟಿ ನೋಡ್ರಿ" ಎಂದಳು.

ನಿಜ, ನಾನು ಮುಟ್ಟಿಯೇ ಇರಲಿಲ್ಲ. ಬೆರಳಾಡಿಸಿದೆ, ಕಲೆಗಳು ಉಬ್ಬಿದ್ದವು. ಗಾಜಿನ ಸ್ಲೈಡ್ ಒತ್ತಿದರೂ ಬಣ್ಣ ಮಾಸಲಿಲ್ಲ. ಎರಡೂ ಕಾಲಿನಲ್ಲಿ ಒಂದೇ ಸಮ. ಎರಡು ವಾರದ ಹಿಂದೆ ಗಂಟಲು ಕೆಟ್ಟಿತ್ತೆಂಬುದೂ ಆಗಲೇ ತಿಳಿಯಿತು, ಕೇಳಿದ್ದರೆ ಮೊದಲೇ ತಿಳಿಯುತ್ತಿತ್ತು. ಇದು ಏಟಲ್ಲ, ಪರ್ಪ್ಯುರಾ ಎಂಬ ರೋಗ. ಸೋಂಕಿನೊಡನೆ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ಹಾದಿ ತಪ್ಪಿ ತನ್ನದೇ ಸಣ್ಣ ರಕ್ತನಾಳಗಳಲ್ಲಿ ಉರಿಯೂತ ತರುತ್ತದೆ. ಚರ್ಮದಲ್ಲಿ, ಕರುಳಿನಲ್ಲಿ ರಕ್ತ ಜಿನುಗುತ್ತದೆ, ಕೀಲುಗಳು ಊದುತ್ತವೆ. ಇದಕ್ಕೆ ಐಜಿಎ ವ್ಯಾಸ್ಕುಲೈಟಿಸ್ ಎಂಬ ಹೊಸ ಹೆಸರು ಬಂದದ್ದು ನನಗೆ ತೊಂಬತ್ತು ದಾಟಿದ ಮೇಲೆ. ಬಹುಪಾಲು ಮಕ್ಕಳಿಗೆ ತಾನಾಗಿಯೇ ವಾಸಿಯಾಗುತ್ತದೆ. ಮೂತ್ರಪಿಂಡದ ಮೇಲೆ ಮಾತ್ರ ತಿಂಗಳುಗಟ್ಟಲೆ ಕಣ್ಣಿಡಬೇಕು.

ಅಂದೇ ಅಮೀನರಿಂದ ವರದಿ ಹಿಂಪಡೆದೆ. ಗಂಡನನ್ನು ಕರೆಸಿ, ತಪ್ಪು ನನ್ನದೆಂದು ಹೇಳಿದೆ. ಬೀರವ್ವನ ಮುಂದೆ ನಿಂತು ಕ್ಷಮೆ ಕೇಳತೊಡಗಿದರೆ ಅವಳು ಅರ್ಧಕ್ಕೇ ತಡೆದಳು.

"ಅದೆಲ್ಲಾ ಇರ್ಲಿ. ಈಗರೆ ಆಕಿನ್ನ ಎತ್ಕೊಳ್ಳಾಕ ಬಿಡ್ತೀರೇನ್ರಿ?"

ಸಂಶಯ ಡಾಕ್ಟರನಿಗೆ ಬೇಕೇ ಬೇಕು. ನಿಜವಾಗಿ ಏಟು ತಿಂದ ಮಕ್ಕಳನ್ನೂ ಮುಂದೆ ಕಂಡಿದ್ದೇನೆ. ಆದರೆ ಮೊದಲ ಸಂಶಯ ನಮ್ಮ ತೀರ್ಪಿನ ಮೇಲೆಯೇ ಇರಬೇಕೆಂದು ಆ ಪ್ರಸಂಗ ನನಗೆ ಕಲಿಸಿತು. ನೋವಿನಲ್ಲಿದ್ದ ಮಗುವನ್ನು ಮೂರು ದಿನ ತಾಯಿಯಿಂದ ಅಗಲಿಸಿದವನು ಬೇರೆ ಯಾರೂ ಅಲ್ಲ, ನಾನೇ.